ಅಧ್ಯಕ್ಷರ ಹಣೆಗೆ ಇಟ್ಟ ಕುಂಕುಮ

ಮಾನ್ಯ ಬರ್ಗಮೇಸ್ಟರ್ ಅವರೇ,

ನಿಮ್ಮ ಪುರಸಭೆ ಕೊಟ್ಟ ದೂರಿನಿಂದಾಗಿ ನನ್ನ ಅತ್ತೆ, ಗದಗ ಜಿಲ್ಲೆಯ ನಿವೃತ್ತ ಇತಿಹಾಸ ಶಿಕ್ಷಕಿ ಗಿರಿಜಾದೇವಿಯವರು, ನೆದರ್ಲೆಂಡ್ಸಿನ ಪೊಲೀಸ್ ದಾಖಲೆಯಲ್ಲಿ ಯುದ್ಧವಿರೋಧಿ ಪ್ರತಿಭಟನಾಕಾರರೆಂದು ಸೇರಿಹೋಗಿದ್ದಾರೆ. ಅವರು ಮಾಡಿದ ಅಪರಾಧ ಇದು: ನಿಮ್ಮ ಊರಿನ ಐತಿಹಾಸಿಕ ಮನೆಯಲ್ಲಿ ತೂಗುಹಾಕಿರುವ, ಅಮೆರಿಕದ ಒಬ್ಬ ಹಳೆಯ ಅಧ್ಯಕ್ಷರ ಚಿತ್ರದ ಗಾಜಿನ ಮೇಲೆ, ಹಣೆ ಬರುವ ಜಾಗದಲ್ಲಿ, ಉಂಗುರ ಬೆರಳಿನಿಂದ ಒಂದು ಕುಂಕುಮದ ಬೊಟ್ಟು ಇಟ್ಟರು. ಈ ಕಾರಣಕ್ಕೆ ಅವರ ವೀಸಾ ವಿಸ್ತರಣೆ ನಿಂತುಹೋಗಿದೆ. ಬರುವ ವಾರ ಅವರು ವಿಮಾನ ಹತ್ತಬೇಕು. ಅವರ ಮಗಳು, ಅಂದರೆ ನನ್ನ ಹೆಂಡತಿ ದೀಕ್ಷಾ, ಈಗ ಎಂಟು ತಿಂಗಳ ಗರ್ಭಿಣಿ. ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರ್ ಹೇಳಿದ್ದಾರೆ. ಹಿಂದಿನ ಸಲ ನಾವು ಮಗುವನ್ನು ಕಳೆದುಕೊಂಡಾಗ ಅವಳ ಪಕ್ಕದಲ್ಲಿ ತಾಯಿ ಇರಲಿಲ್ಲ. ಈ ಸಲವೂ ಇರದಂತೆ ನಿಮ್ಮ ಕಚೇರಿ ನೋಡಿಕೊಳ್ಳುತ್ತಿದೆ.

ಈ ಪತ್ರವನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆಂದು ನೀವು ಕೇಳಬಹುದು. ಡಚ್ಚಿನಲ್ಲಿ ಬರೆದು ನೋಡಿದೆ, ಸ್ವಾಮಿ. ನನ್ನ ಡಚ್ಚು ಕೆಟ್ಟದ್ದೆಂದು ಆಫೀಸಿನ ಗೆಳೆಯನಿಂದ ತಿದ್ದಿಸಿಯೇ ಕಳಿಸಿದ್ದೆ. ‘ನಿಮ್ಮ ಪತ್ರ ತಲುಪಿದೆ’ ಎಂಬ ಅಚ್ಚುಹಾಕಿದ ಕಾರ್ಡು ಬಂತು. ಫೋನ್ ಮಾಡಿದೆ, ಅಫ್‌ಸ್ಪ್ರಾಕ್ ಇದೆಯೇ, ಅಂದರೆ ಭೇಟಿಗೆ ಸಮಯ ಗೊತ್ತುಮಾಡಿಕೊಂಡಿದ್ದೀರಾ ಎಂದು ಕೇಳಿದರು. ಅಫ್‌ಸ್ಪ್ರಾಕ್ ಬೇಕೆಂದೇ ಫೋನ್ ಮಾಡಿದ್ದೇನೆ ಎಂದೆ. ಅದಕ್ಕೆ ಮೊದಲು ಪತ್ರ ಬರೆಯಬೇಕು ಎಂದರು. ನೀವು ಹೇಗೂ ಓದುವುದಿಲ್ಲ ಎಂದ ಮೇಲೆ, ಓದುವವರಿರುವ ಭಾಷೆಯಲ್ಲೇ ಬರೆಯೋಣ ಅನ್ನಿಸಿತು. ಇಲ್ಲಿನ ನಮ್ಮ ಕನ್ನಡ ಬಳಗದ ಪತ್ರಿಕೆಗೂ ಊರಿನ ದಿನಪತ್ರಿಕೆಗೂ ಇದನ್ನು ಕಳಿಸುತ್ತಿದ್ದೇನೆ. ಅನುವಾದ ಮಾಡಿಸಿಕೊಳ್ಳುವ ಜವಾಬ್ದಾರಿ ಈ ಸಲ ನಿಮ್ಮದು. ಇನ್ನೊಂದು ಮಾತು. ಅಳಿಯನೊಬ್ಬ ಅತ್ತೆಯ ಪರವಾಗಿ ಬಹಿರಂಗ ಪತ್ರ ಬರೆಯುವುದು ನಮ್ಮ ಮೈಸೂರಿನ ಕಡೆಯಾಗಲಿ ಅವರ ಗದಗಿನ ಕಡೆಯಾಗಲಿ ದಿನನಿತ್ಯ ನಡೆಯುವ ಸಂಗತಿಯಲ್ಲ. ನಿಮ್ಮ ಐತಿಹಾಸಿಕ ಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಖಾಲಿಯಿದ್ದರೆ ಇದನ್ನೂ ಅದರೊಳಗೆ ಇಡಬಹುದು.

ನಿಮ್ಮ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಆ ಅಧ್ಯಕ್ಷರ ಹೆಸರನ್ನೂ ಬರೆಯುವುದಿಲ್ಲ. ಅವರಿಗೆ ನಮ್ಮಿಂದ ಆಗಿರುವ ತೊಂದರೆ ಸಾಕು. ಅಧ್ಯಕ್ಷರಾಗುವ ಎಷ್ಟೋ ವರ್ಷ ಮೊದಲು ಅವರು ಈ ದೇಶಕ್ಕೆ ಬಂದಾಗ ಆ ಮನೆಯಲ್ಲಿ ತಂಗಿದ್ದರೆಂದು ನಿಮ್ಮ ಪುರಸಭೆಯ ಫಲಕ ಹೇಳುತ್ತದೆ. ಎಷ್ಟು ದಿನ ತಂಗಿದ್ದರು, ಅಲ್ಲಿ ತೋರಿಸುವ ಮಂಚ ಅವರದೇ ಹೌದೋ ಅಲ್ಲವೋ, ಇವನ್ನೆಲ್ಲ ನಾವು ಕೇಳಲಿಲ್ಲ. ನೀವು ಹೇಳಿದ್ದನ್ನು ನಂಬಿದೆವು. ನಾವು ಹೇಳಿದ್ದನ್ನು ನೀವು ನಂಬುವ ಸರದಿ ಬಂದಾಗ ಮಾತ್ರ ಎಡವಟ್ಟಾಯಿತು.

ಗದಗಿನ ಕಡೆಯ ಹೆಂಗಸೊಬ್ಬರಿಗೆ ಅಮೆರಿಕದ ಅಧ್ಯಕ್ಷರ ಮೇಲೆ ಅಷ್ಟೇನು ಪ್ರೀತಿ ಎಂದು ಪೊಲೀಸರು ಮತ್ತೆ ಮತ್ತೆ ಕೇಳಿದರು. ಉತ್ತರ ಉದ್ದವಿದೆ, ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ನನ್ನ ಮಾವ ರುದ್ರಪ್ಪನವರು ಒಂದು ಕಾಲಕ್ಕೆ ನಿಮ್ಮಂಥವರೇ. ತಮ್ಮ ಊರಿನ ಪುರಸಭೆಯ ಅಧ್ಯಕ್ಷರಾಗಿದ್ದರು. ಎರಡನೇ ಸಲ ನಿಂತು ಸೋತರು. ಫಲಿತಾಂಶ ಬಂದ ಸಂಜೆ ಕಚೇರಿಯ ಬೀಗದಕೈ ಗುಮಾಸ್ತರ ಕೈಗೆ ಕೊಟ್ಟು, ಜೀಪು ಬೇಡವೆಂದು, ಪೇಟೆಯ ನಡುವೆ ಒಬ್ಬರೇ ನಡೆದುಕೊಂಡು ಮನೆಗೆ ಬಂದರಂತೆ. ಜನ ನಕ್ಕರು. ನನ್ನ ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಕಾಲಿಗೆ ನೀರು ಕೊಟ್ಟರು. ಮರುದಿನ ಶಾಲೆಯಲ್ಲಿ ಹುಡುಗಿಯರಿಗೆ ಅಮೆರಿಕದ ಪಾಠ ಇತ್ತು. ಅಲ್ಲಿನ ಅಧ್ಯಕ್ಷರು ಅವಧಿ ಮುಗಿದ ದಿನ ಎದ್ದು ಮನೆಗೆ ಹೋಗುತ್ತಾರೆ ಎಂಬ ಸಾಲನ್ನು ಎರಡೆರಡು ಸಲ ಓದಿಸಿದೆ ಎಂದು ಅವರೇ ನನಗೆ ಹೇಳಿದ್ದಾರೆ. ಅಂದಿನಿಂದ ಆ ಅಧ್ಯಕ್ಷರೆಲ್ಲ ಅವರಿಗೆ ಬೀಗರಿದ್ದಂತೆ.

ಅಮೆರಿಕಕ್ಕೆ ಹೋಗುವುದು ಅವರಿಂದಾಗದ ಮಾತು. ಮಗಳ ಬಾಣಂತನಕ್ಕೆಂದು ಮಾರ್ಚಿನಲ್ಲಿ ನಾವಿರುವ ಬೆಸ್ಟ್ ಊರಿಗೆ ಬಂದಿಳಿದಾಗ, ಈ ದೇಶದಲ್ಲೂ ಅಂಥ ಅಧ್ಯಕ್ಷರ ಗುರುತುಗಳಿವೆ ಎಂದು ತಿಳಿದು ಅವರಿಗೆ ಲಾಟರಿ ಹೊಡೆದಂತಾಯಿತು. ಆಗ ದೀಕ್ಷಾ ಇನ್ನೂ ಓಡಾಡಿಕೊಂಡಿದ್ದಳು. ಶನಿವಾರ ಬಂತೆಂದರೆ ಅವಲಕ್ಕಿ ಕಟ್ಟಿಕೊಂಡು ಹೊರಡುವುದು. ಯುಟ್ರೆಕ್ಟ್‌ನಲ್ಲಿ ರೈಲು ಬದಲಿಸುವಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚುವುದು. ಹೇಗ್‌ನಲ್ಲಿ ಎರಡನೇ ಅಧ್ಯಕ್ಷರು ರಾಯಭಾರಿಯಾಗಿದ್ದಾಗ ವಾಸವಿದ್ದ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನಡೆದೆವು. ಲೈಡನ್ನಿನಲ್ಲಿ ಅವರ ಮಗ, ಆರನೇ ಅಧ್ಯಕ್ಷ, ಹುಡುಗನಾಗಿದ್ದಾಗ ಓದಿದ ವಿಶ್ವವಿದ್ಯಾಲಯ ನೋಡಿದೆವು. ಅಲ್ಲಿನ ದೊಡ್ಡ ಚರ್ಚಿನ ಬಾಗಿಲಲ್ಲಿ ಅತ್ತೆ ಆ ಚಳಿಯಲ್ಲೂ ಚಪ್ಪಲಿ ಕಳಚಿದರು. ಕಾಲುಚೀಲದಲ್ಲಿ ಕಲ್ಲಿನ ಮೇಲೆ ನಿಂತವರನ್ನು ನೋಡಿ ಅಲ್ಲಿನ ಮುದುಕರೊಬ್ಬರು ನಕ್ಕು, ಹಾಕಿಕೊಳ್ಳಿ ಎಂದು ಸನ್ನೆ ಮಾಡಿದರು. ಇವರೂ ನಕ್ಕು ಹಾಕಿಕೊಂಡರು. ನೋಡಿ, ಇಷ್ಟರಲ್ಲೇ ಮುಗಿಯಬಹುದಾದ ವಿಷಯ ಅದು. ಆ ಮುದುಕರಿಗೆ ಪುರಸಭೆಯ ಸಲಹೆ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ.

ಕಾಲು ನೋವಿನ ನೆಪ ಹೇಳಿ ನಾನೊಮ್ಮೆ, ಇಷ್ಟು ಹಳೇ ಮನೆ ನೋಡಿ ಏನು ಸಿಗುತ್ತೆ ಅತ್ತೆ ಎಂದು ಕೇಳಿದ್ದೆ. ಅವರೆಂದರು: “ಎಲ್ಲಾ ಕಡೆ ರಾಜರ ಅರಮನಿ ತೋರಸ್ತಾರ್ರಿ ಅಳಿಯಂದ್ರ. ಕುರ್ಚಿ ಬಿಟ್ಟು ಹೋದವ್ರ ಮನಿ ಯಾರು ತೋರಸ್ತಾರ?” ಅಂದಹಾಗೆ, ಈ ದೇಶದಲ್ಲಿ ಬರ್ಗಮೇಸ್ಟರ್ ಹುದ್ದೆ ಚುನಾವಣೆಯಿಂದ ಬರುವುದಲ್ಲ, ಮೇಲಿನಿಂದ ನೇಮಕವಾಗಿ ಬರುವುದು ಎಂದು ನನ್ನ ಗೆಳೆಯ ಹೇಳಿದ. ಸೋತು ಮನೆಗೆ ನಡೆಯುವ ಅನುಭವ ನಿಮಗೆ ಇರಲಾರದು. ಇದ್ದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲವೇನೋ.

ಮೇ ತಿಂಗಳ ಒಂದು ಶನಿವಾರ ನಿಮ್ಮ ಊರಿಗೆ ಬಂದೆವು. ದೀಕ್ಷಾ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. ಹೋಗಿ ಬನ್ನಿ, ಅವ್ವನಿಗೆ ಇದೊಂದು ಉಳಿದಿದೆ ಎಂದು ಅವಳೇ ಕಳಿಸಿದಳು. ಗೆಳೆಯನ ಕಾರು ತಂದಿದ್ದೆ. ಮನೆಯ ಮೆಟ್ಟಿಲ ಸಂದಿಯಲ್ಲಿ ಕೆಂಪು ಬಣ್ಣ ಮೆತ್ತಿಕೊಂಡಿದ್ದನ್ನು ಕಂಡು, ಎಲ್ಲೋ ಕಿಟಕಿಗೆ ಬಣ್ಣ ಹಚ್ಚುತ್ತಿರಬೇಕು ಎಂದುಕೊಂಡೆ. ಬೆಲ್‌ಗ್ರೇಡ್ ಮೇಲೆ ಅಮೆರಿಕದ, ಅದರ ಮಿತ್ರದೇಶಗಳ ಬಾಂಬು ಬೀಳುತ್ತಿದ್ದ ದಿನಗಳು ಅವು. ಹಿಂದಿನ ವಾರ ಯಾರೋ ಬಂದು ಅಮೆರಿಕದ ಬಾವುಟ ಕಟ್ಟುವ ಆ ಮೆಟ್ಟಿಲ ಮೇಲೆ ರಕ್ತದ ಹಾಗೆ ಬಣ್ಣ ಸುರಿದು ಹೋಗಿದ್ದರೆಂದು ನಮಗೆ ತಿಳಿದದ್ದು ಪೊಲೀಸ್ ಠಾಣೆಯಲ್ಲಿ. ತಿಳಿದಿದ್ದರೆ ನಾವು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಒಳಗೆ ನಮಗೆ ಮನೆ ತೋರಿಸಿದವರು ಸ್ವಯಂಸೇವಕಿಯಾಗಿ ಬರುವ ಒಬ್ಬ ಹಿರಿಯ ಹೆಂಗಸು. ಒಳ್ಳೆಯವರು. ಅತ್ತೆಯನ್ನು ಕೂರಿಸಿ ಕಾಫಿ ಕೊಟ್ಟರು. ಇವರು ಎರಡನೇ ಸಲ ನಿಂತು ಸೋತು ತಕರಾರಿಲ್ಲದೆ ಮನೆಗೆ ಹೋದವರು ಎಂದು ಚಿತ್ರ ತೋರಿಸಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಬಟ್ಟಲು ಕೆಳಗಿಟ್ಟು ಎದ್ದು ನಿಂತರು. ಇವರ ಜಯಂತಿ ಇಲ್ಲಿ ಯಾರು ಮಾಡುತ್ತಾರೆ ಎಂದು ಕೇಳಿಸಿದರು. ಹಾಗೆ ಯಾರೂ ಏನೂ ಮಾಡುವುದಿಲ್ಲ ಎಂದು ಆ ಹೆಂಗಸು ಹೇಳಿದರು. ಒಂದು ಹೂವೂ ಇಡೂದಿಲ್ಲೇನು ಎಂದು ಅತ್ತೆ ನನ್ನನ್ನು ಕೇಳಿದರು. ನಾನು ಇಲ್ಲವೆಂದು ಹೇಳಿ, ಪೋಸ್ಟ್‌ಕಾರ್ಡು ಕೊಳ್ಳಲು ಬಾಗಿಲ ಹತ್ತಿರದ ಮೇಜಿಗೆ ಹೋದೆ. ಹೋಗಬಾರದಿತ್ತು.

ನಮ್ಮ ಕಡೆಯ ಒಂದು ಶಾಲೆಯಲ್ಲಿ ಒಂದೇ ಒಂದು ಜಯಂತಿಯನ್ನು ನೀವು ನೋಡಿದ್ದರೆ ಮುಂದಿನದನ್ನು ವಿವರಿಸಬೇಕಿಲ್ಲ. ಗಾಂಧಿಯವರದಾಗಲಿ ಇನ್ನೊಬ್ಬರದಾಗಲಿ, ಗೋಡೆಯ ಚಿತ್ರ ಇಳಿಸಿ, ಒರೆಸಿ, ಕುರ್ಚಿಯ ಮೇಲಿಟ್ಟು, ಹಣೆಗೆ ಕುಂಕುಮ ಹಚ್ಚಿ, ಹಾರ ಹಾಕಿ, ಊದುಬತ್ತಿ ಬೆಳಗುತ್ತಾರೆ. ಗುಂಡಿಗೆ ಬಲಿಯಾದವರಿಗೂ ಹಣೆಯ ನಡುವೆಯೇ ಕುಂಕುಮ. ಗುಂಡಿನ ಗಾಯ ಎಂದು ಯಾವ ಹುಡುಗಿಯೂ ಇದುವರೆಗೆ ತಿಳಿದಿಲ್ಲ. ನನ್ನ ಅತ್ತೆ ನೌಕರಿಯುದ್ದಕ್ಕೂ ಈ ಕೆಲಸ ಮಾಡಿದವರು. ಹೂವಿಲ್ಲದ, ಕುಂಕುಮವಿಲ್ಲದ ಚಿತ್ರ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಚೀಲದಲ್ಲಿ ಕುಂಕುಮ ಭರಣಿ ಇತ್ತು. ಚಿತ್ರಕ್ಕೆ ಗಾಜಿತ್ತು. ಹಚ್ಚಿದರು, ಕೈ ಮುಗಿದರು.

ಆ ಸ್ವಯಂಸೇವಕಿ ಹೆದರಿದರು. ಅವರನ್ನು ನಾನು ದೂರುವುದಿಲ್ಲ. ಹಿಂದಿನ ವಾರ ಮೆಟ್ಟಿಲ ಮೇಲಿನ ಬಣ್ಣವನ್ನು ಮಂಡಿಯೂರಿ ಉಜ್ಜಿದವರು ಅವರೇ ಅಂತೆ. ಅಂಥವರಿಗೆ ಅಮೆರಿಕದ ಅಧ್ಯಕ್ಷರ ಹಣೆಯ ನಡುವೆ ಕೆಂಪು ಚುಕ್ಕೆ ಕಂಡರೆ ಏನನ್ನಿಸಬೇಕು? ಪೊಲೀಸರನ್ನು ಕರೆದರು, ಪೊಲೀಸರು ಬಂದು ಫೋಟೊ ತೆಗೆದುಕೊಂಡರು. ಆ ಮೊದಲ ಒಂದು ಗಂಟೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಲಾಗದಿರುವುದು ಆಮೇಲಿನ ವಾರಗಳನ್ನು. ಫೋಟೊ ಆದ ಮೇಲೆ ಆ ಹೆಂಗಸು ಒದ್ದೆ ಬಟ್ಟೆ ತಂದು ಗಾಜನ್ನು ಒರೆಸಿದರು. ಒಂದೇ ಸಲಕ್ಕೆ ಹೋಯಿತು. ಗಾಜಿಗೆ ಏನೂ ಆಗಿರಲಿಲ್ಲ, ಚಿತ್ರಕ್ಕೆ ಏನೂ ಆಗಿರಲಿಲ್ಲ. ಅಷ್ಟೂ ಹೊತ್ತು ತಲೆಯೆತ್ತಿ ನಿಂತಿದ್ದ ನನ್ನ ಅತ್ತೆ ಒರೆಸುವಾಗ ಮಾತ್ರ ಆ ಕಡೆ ನೋಡಲಿಲ್ಲ.

ಠಾಣೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ, ನಾನೇ ದುಭಾಷಿ. ಅಲ್ಲಿನ ಅಧಿಕಾರಿ ಬುದ್ಧಿವಂತ. ಭಾರತದ ಹೆಂಗಸರು ಹಣೆಗೆ ಕೆಂಪು ಇಟ್ಟುಕೊಳ್ಳುವುದನ್ನು ಆತ ಹೇಗ್‌ನ ಭಾರತ ಮೂಲದ ಸುರಿನಾಮಿಗಳ ಬೀದಿಗಳಲ್ಲಿ ನೋಡಿದ್ದ. ಇದು ಗೌರವದ ಗುರುತು ಎಂದು ನಾನು ಹೇಳಿದ್ದನ್ನು ಬರೆದುಕೊಂಡ. ಸದ್ಯ, ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವನು ಪೆನ್ನು ಕೆಳಗಿಟ್ಟು, ಬಹಳ ಸಭ್ಯವಾಗಿ, ಒಂದು ಪ್ರಶ್ನೆ ಕೇಳಿದ. ಅದು ಗೌರವದ ಗುರುತಾದರೆ ಈಕೆಯ ಹಣೆಯ ಮೇಲೆ ಯಾಕಿಲ್ಲ? ತಾನು ಇಟ್ಟುಕೊಳ್ಳದ ಪುಡಿಯನ್ನು ಚೀಲದಲ್ಲಿ ಯಾಕೆ ತಂದಿದ್ದಾಳೆ?

ಮಾನ್ಯರೇ, ಆ ಪ್ರಶ್ನೆಯನ್ನು ನಾನು ಕನ್ನಡಕ್ಕೆ ತಿರುಗಿಸಬೇಕಿತ್ತು. ಗಂಡ ತೀರಿಕೊಂಡ ದಿನ ಯಾರ ಹಣೆಯ ಕುಂಕುಮವನ್ನು ಬಂಧುಗಳು ಕೂಡಿ ಒರೆಸಿದರೋ, ಅವರ ಮುಖ ನೋಡಿ, ನಿಮ್ಮ ಹಣೆ ಯಾಕೆ ಬೋಳು ಎಂದು ಅವರ ಅಳಿಯನಾದ ನಾನು ಕೇಳಬೇಕಿತ್ತು. ನಾನು ತಡವರಿಸಿದ್ದನ್ನು ಅಧಿಕಾರಿ ಗಮನಿಸಿ ಏನೋ ಬರೆದುಕೊಂಡ. ಅತ್ತೆಗೆ ಇಂಗ್ಲಿಷು ಅಷ್ಟಿಷ್ಟು ತಿಳಿಯುತ್ತದೆ. ಅವರೇ ನನ್ನ ಕಷ್ಟ ನೋಡಲಾರದೆ ಹೇಳಿದರು: “ನಮ್ಮ ಯಜಮಾನರ ಫೋಟೋಕ್ಕ ದಿನಾ ಹಚ್ಚತೀನಿ ಅಂತ ಹೇಳ್ರಿ. ಅದಕ್ಕ ತಂದೀನಿ.” ನಾನು ಹೇಳಿದೆ. ಅಧಿಕಾರಿ ಅದನ್ನೂ ಬರೆದುಕೊಂಡು, ಹಾಗಾದರೆ ತನ್ನ ಗಂಡನ ಮೇಲೂ ಈಕೆಗೆ ಏನಾದರೂ ಸಿಟ್ಟಿತ್ತೇ ಎಂದು ಕೇಳಿದ. ಅದನ್ನು ನಾನು ತಿರುಗಿಸಲಿಲ್ಲ. ಆದರೆ ಅತ್ತೆಗೆ ಅರ್ಥವಾಗಿತ್ತು. ನನಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಇನ್ನೊಮ್ಮೆ ಆಗಿಲ್ಲ. ಭರಣಿಯನ್ನು ಸಾಕ್ಷ್ಯವೆಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಟ್ಟುಕೊಂಡರು. ಅದು ಅತ್ತೆಯ ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಭರಣಿ.

ಇಷ್ಟಾದ ಮೇಲೆ ನಿಮ್ಮ ಕಚೇರಿಯ ಉದಾರ ಪ್ರಸ್ತಾಪ ಬಂತು. ಗಿರಿಜಾದೇವಿಯವರು ಒಂದು ಹೇಳಿಕೆಗೆ ಸಹಿ ಹಾಕಿದರೆ ಪುರಸಭೆ ದೂರನ್ನು ಹಿಂತೆಗೆದುಕೊಳ್ಳುತ್ತದೆ, ದೂರು ಹೋದರೆ ವೀಸಾ ವಿಸ್ತರಣೆಗೆ ಅಡ್ಡಿಯಿಲ್ಲ. ಹೇಳಿಕೆ ಪುಟ್ಟದು: ರಾಜಕೀಯ ಅಭಿಪ್ರಾಯ ತಿಳಿಸುವುದಕ್ಕಾಗಿ ಅಧ್ಯಕ್ಷರ ಚಿತ್ರವನ್ನು ನಾನು ವಿರೂಪಗೊಳಿಸಿದೆ, ಅವರಿಗೆ ಅವಮಾನ ಮಾಡಿದ್ದಕ್ಕೆ ವಿಷಾದಿಸುತ್ತೇನೆ. ನಾನು ಕುಣಿದಾಡುವಷ್ಟು ಖುಷಿಯಾಗಿ ಅದನ್ನು ಮನೆಗೆ ತಂದೆ. ಸೈನ್ ಮಾಡಿಬಿಡಿ ಅತ್ತೆ, ಅದೇನು ಯಾರೂ ಓದಲ್ಲ, ಫೈಲಲ್ಲಿ ಬಿದ್ದಿರುತ್ತೆ ಎಂದೆ. ಅವರು ಕನ್ನಡಕ ಹಾಕಿಕೊಂಡು, ನನ್ನಿಂದ ಪ್ರತಿ ಪದದ ಅರ್ಥ ಕೇಳಿ ತಿಳಿದುಕೊಂಡು, ಅದನ್ನು ಮಡಚಿ ನನ್ನ ಕೈಗೇ ಕೊಟ್ಟರು.

“ಕುಂಕುಮ ಹಚ್ಚೂದು ಅವಮಾನ ಅಂತ ನನ್ನ ಕೈಲೆ ಬರಸಬ್ಯಾಡ್ರಿ,” ಎಂದರು. “ಹಂಗಂತ ಬರದುಕೊಟ್ಟು, ನಾಳೆ ಮುಂಜಾನೆ ನಿಮ್ಮ ಮಾವನವರ ಫೋಟೋದ ಮುಂದ ಹೆಂಗ ನಿಂದರಲಿ?”

ನಾನು ಜೋರಾಗಿ ಮಾತಾಡಿದೆ. ಮಗಳಿಗಿಂತ ಆ ಅಧ್ಯಕ್ಷ ಹೆಚ್ಚಾದನೇ ಎಂದು ಕೇಳಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಳಗಿನ ಕೋಣೆಯಲ್ಲಿ ಮಲಗಿದ್ದ ದೀಕ್ಷಾಳಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ಅಲ್ಲಿಂದಲೇ ಹೇಳಿದಳು: “ಅವ್ವಾ, ನೀ ಸಹಿ ಮಾಡಬ್ಯಾಡ. ನಾ ಹೆಂಗರೆ ಮಾಡ್ಕೋತೀನಿ.” ಹೆಂಗರೆ ಅಂದರೆ ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ನಾನು ಬೆಳಿಗ್ಗೆ ಐಂಡ್‌ಹೋವನ್‌ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವಳು ಆ ಹಾಸಿಗೆಯಲ್ಲಿ ಒಬ್ಬಳೇ.

ಹೆರಿಗೆಯಾದ ಮನೆಗೆ ನಿಮ್ಮ ದೇಶ ಒಂದು ವಾರ ದಾದಿಯನ್ನು ಕಳಿಸುತ್ತದೆ. ಅದು ದೊಡ್ಡ ಮನಸ್ಸು. ಅದನ್ನು ಕೇಳಿ ನನ್ನ ಅತ್ತೆ ಬೆರಗಾಗಿದ್ದರು, ಇಂಥ ಸರಕಾರ ನಮಗ ಯಾವಾಗ ಬರತದ ಎಂದಿದ್ದರು. ಇಷ್ಟೆಲ್ಲ ಯೋಚಿಸಬಲ್ಲ ಸರಕಾರಕ್ಕೆ ಒಂದು ಕುಂಕುಮದ ಬೊಟ್ಟಿನ ಮುಂದೆ ಮಾತ್ರ ಯೋಚನೆ ನಿಂತುಹೋಯಿತೇ? ತಪ್ಪು ನಡೆದಿದೆ ಎನ್ನುವುದನ್ನು ನಾವು ಒಪ್ಪಿದ್ದೇವೆ. ಕೇಳದೆ ಮುಟ್ಟಿದ್ದು ತಪ್ಪು, ಗಾಬರಿಪಡಿಸಿದ್ದು ತಪ್ಪು. ಇವೆರಡಕ್ಕೂ ಕ್ಷಮೆ ಕೇಳಿ ಅತ್ತೆ ಕನ್ನಡದಲ್ಲಿ ಬರೆದು ಸಹಿ ಮಾಡಿದ್ದಾರೆ, ನಾನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದ್ದೇನೆ. ಇದರಲ್ಲಿ ‘ಅವಮಾನ’ ಎಂಬ ಪದವಿಲ್ಲ, ಆದ್ದರಿಂದ ಸ್ವೀಕರಿಸಲಾಗದು ಎಂದು ನಿಮ್ಮ ಕಾನೂನು ಸಲಹೆಗಾರರು ಫೋನಿನಲ್ಲಿ ತಿಳಿಸಿದರು. ಅಂದರೆ ಕ್ಷಮೆ ಸಾಲದು, ಸುಳ್ಳೂ ಬೇಕು! ಅವಮಾನ ಮಾಡದವರ ಬಾಯಲ್ಲಿ ಅವಮಾನ ಮಾಡಿದೆ ಎಂದು ಹೇಳಿಸಿದರೆ ನಿಮ್ಮ ಅಧ್ಯಕ್ಷರ ಮಾನ ಎಷ್ಟು ಏರುತ್ತದೆ? ಆ ಮನೆಯ ಗೋಡೆಯ ಮೇಲೆ, ಜನರ ಮಾತಿಗೆ ತಲೆಬಾಗಿ ಮನೆಗೆ ಹೋದವರು ಎಂದು ಅವರನ್ನು ಹೊಗಳಿ ಬರೆಸಿದವರು ನೀವೇ ಅಲ್ಲವೇ? ಅದನ್ನು ನಿಜವೆಂದು ನಂಬಿ ಕೈ ಮುಗಿದವರು ನಿಮ್ಮ ಸಂದರ್ಶಕರಲ್ಲಿ ಎಷ್ಟು ಜನರಿದ್ದಾರು?

ಯುದ್ಧ ಈಗ ನಿಂತಿದೆ. ಬಾಂಬು ಹಾಕಿದವರೂ ಹಾಕಿಸಿಕೊಂಡವರೂ ಮೇಜಿನ ಸುತ್ತ ಕೂತು ಸಹಿ ಹಾಕಿದ್ದಾರೆಂದು ಟೀವಿಯಲ್ಲಿ ತೋರಿಸಿದರು. ನಿಮ್ಮ ಪುರಸಭೆಗೂ ಗದಗಿನ ಶಿಕ್ಷಕಿಗೂ ನಡುವಿನ ಯುದ್ಧ ಮಾತ್ರ ಮುಂದುವರಿದಿದೆ.

ನನ್ನ ಬೇಡಿಕೆ ಹೇಳಿ ಮುಗಿಸುತ್ತೇನೆ. ಅತ್ತೆ ಬರೆದುಕೊಟ್ಟಿರುವ ಕ್ಷಮಾಪಣೆಯನ್ನೇ ಸ್ವೀಕರಿಸಿ, ಪ್ರತಿಭಟನೆ ಎಂಬ ಆರೋಪ ಹೊತ್ತ ದೂರನ್ನು ಅವರ ವಿಮಾನಕ್ಕೆ ಮೊದಲು ಹಿಂತೆಗೆದುಕೊಳ್ಳಿ. ನಿಮಗೆ ಅದೊಂದು ಬೆಳಗಿನ ಕೆಲಸ. ನನ್ನ ಹೆಂಡತಿಗೆ ಅದು ತಾಯಿ. ಆಗದೇ ಹೋದರೆ, ಆ ಭರಣಿಯನ್ನಾದರೂ ವಾಪಸು ಕೊಡಿಸಿ. ಬೆಸ್ಟ್‌ನ ನಮ್ಮ ಮನೆಯ ಕಿಟಕಿಯ ಪಕ್ಕ ಇರುವ ನನ್ನ ಮಾವನವರ ಹಣೆ ಅಂದಿನಿಂದ ಬರಿದಾಗಿದೆ. ಹೇಗ್‌ನ ಸುರಿನಾಮಿ ಅಂಗಡಿಯಿಂದ ನಾನು ಬೇರೆ ಕುಂಕುಮ ತಂದುಕೊಟ್ಟೆ. ಅತ್ತೆ ಅದನ್ನು ಮಾವನವರ ಮುಂದೆ ಇಟ್ಟರು, ಬಿಚ್ಚಲಿಲ್ಲ. ನಮ್ಮ ಭರಣಿ ಬರಲಿ ಎಂದರು.

ನಿನ್ನೆ ಅವರ ಪೆಟ್ಟಿಗೆ ಕಟ್ಟುತ್ತಿದ್ದೆವು. ಮಗುವಿಗೆಂದು ಹಳೆಯ ಸೀರೆಯಲ್ಲಿ ಹೊಲಿದು ತಂದಿದ್ದ ಕುಲಾಯಿ, ದುಪ್ಪಟಿಗಳನ್ನು ತೆಗೆದು ಒಂದೊಂದಾಗಿ ಮಂಚದ ಮೇಲೆ, ದೀಕ್ಷಾಳ ಕೈಗೆ ಸಿಗುವ ಹಾಗೆ ಜೋಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಆ ಅಧ್ಯಕ್ಷನಿಂದ ಇಷ್ಟೆಲ್ಲ ಆಯಿತಲ್ಲ, ಈಗಲೂ ನಿಮಗೆ ಅವನ ಮೇಲೆ ಸಿಟ್ಟಿಲ್ಲವೇ ಅತ್ತೆ ಎಂದು ಕೇಳಿದೆ. ಅವರು ಕುಲಾಯಿಯ ಲಾಡಿ ನೇವರಿಸುತ್ತಾ ಕೂತರು.

“ಅವರದೇನು ತಪ್ಪು ಅಳಿಯಂದ್ರ?” ಎಂದರು. “ಪಾಪ, ಒಂದು ದಿವಸ ಹಣಿ ತುಂಬಿತ್ತು. ಅದನ್ನೂ ಒರಸಿಬಿಟ್ರು.”

ಇಂತಿ,
ನಿಮ್ಮ ದಾಖಲೆಯಲ್ಲಿ ‘ಪ್ರತಿಭಟನಾಕಾರರನ್ನು ಕರೆತಂದ ಚಾಲಕ’ ಎಂದು ನಮೂದಾಗಿರುವ ಅಳಿಯ,
ದಿವಾಕರ
ಬೆಸ್ಟ್, ಜೂನ್ ೧೯೯೯